ಉಂಡದ್ದು ಮೈಗೆ ಹತ್ತದಿದ್ದಾಗ: ಜಾಸ್ತಿ ಓಡುವ ಥೈರಾಯ್ಡ್ ಮತ್ತು ನಮ್ಮ ಊಟ

ಗದಗ ಬೆಟಗೇರಿಯಲ್ಲಿರುವ ನನ್ನ ಅಕ್ಕನ ಕಾಯಿಲೆ ಮೊದಲು ಗೊತ್ತಾದದ್ದು ರೊಟ್ಟಿಯಿಂದ. ಮೂವತ್ತು ವರ್ಷ ರೊಟ್ಟಿ ಬಡಿದ ಕೈ ಅದು. ಒಂದು ದಿನ ಬಡಿದ ರೊಟ್ಟಿ ಎತ್ತಿ ಹಂಚಿನ ಮೇಲೆ ಹಾಕುವಾಗ ಬೆರಳು ನಡುಗಿ ರೊಟ್ಟಿ ಹರಿಯಿತು. ಮರುದಿನವೂ ಹರಿಯಿತು. ಅದಕ್ಕೂ ಎರಡು ತಿಂಗಳು ಮೊದಲಿಂದಲೇ ಅವಳು ಇಳಿಯುತ್ತಾ ಬಂದಿದ್ದಳು, ಆದರೆ ನಾವ್ಯಾರೂ ಅದನ್ನು ಕಾಯಿಲೆ ಅಂದುಕೊಂಡಿರಲಿಲ್ಲ. ಒಂದು ಮದುವೆಯಲ್ಲಿ "ಏನ್ರೀ ಅಕ್ಕಾರ, ಭಾಳ ಸಣ್ಣ ಆಗೀರಿ, ಏನ್ ಮಾಡಿದ್ರಿ?" ಅಂತ ನಾಲ್ಕು ಮಂದಿ ಹೊಗಳಿ ಹೋಗಿದ್ದರು. ಅವಳು ಏನೂ ಮಾಡಿರಲಿಲ್ಲ. ಎರಡು ರೊಟ್ಟಿ ಉಣ್ಣುತ್ತಿದ್ದವಳು ನಾಲ್ಕು ಉಣ್ಣುತ್ತಿದ್ದಳು. "ಎಷ್ಟ್ ಉಂಡ್ರೂ ಮೈಗೆ ಹತ್ತವಲ್ದು ನೋಡೋ ತಮ್ಮಾ" ಅಂತ ಫೋನಿನಲ್ಲಿ ಅಂದಾಗಲೂ ನಾನು ಬಿಸಿಲಿಗೆ ಹಾಗಾಗಿರಬೇಕು ಅಂದೆ.

ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಗ್ರಂಥಿಗೆ ಕೆಲಸ ಹಚ್ಚುವ ಟಿಎಸ್ಎಚ್ 0.01, ಅಂದರೆ ತೀರಾ ಕಡಿಮೆ ಬಂತು. ಹೈಪರ್‌ಥೈರಾಯ್ಡ್, ಅಂದರೆ ಆ ಗ್ರಂಥಿ ಬೇಕಾದ್ದಕ್ಕಿಂತ ಜಾಸ್ತಿ ಓಡುವ ಕಾಯಿಲೆ.

ಆ ಸಂಜೆಯಿಂದಲೇ ಅವಳ ಫೋನಿಗೆ ಪಥ್ಯದ ಪಟ್ಟಿಗಳು ಬರತೊಡಗಿದವು. ಎಲೆಕೋಸು ಮುಟ್ಟಬೇಡಿ, ಸೋಯಾ ಬೇಡ, ರೊಟ್ಟಿ ಅನ್ನ ಕಡಿಮೆ ಮಾಡಿ, ಸಮುದ್ರದ ಪಾಚಿ ತಿನ್ನಿ, ಅಯೋಡಿನ್ ಜಾಸ್ತಿ ತಗೊಳ್ಳಿ. ಕಳಿಸಿದವರೆಲ್ಲ ಪ್ರೀತಿಯಿಂದಲೇ ಕಳಿಸಿದ್ದರು. ಆದರೆ ಅವೆಲ್ಲ ಇನ್ನೊಂದು ಕಾಯಿಲೆಯ ಪಟ್ಟಿಗಳು. ನಮ್ಮ ಕಡೆ "ಥೈರಾಯ್ಡ್ ಐತಿ" ಅಂದರೆ ಎಲ್ಲರಿಗೂ ಒಂದೇ ಕಾಯಿಲೆ. ನಿಜಕ್ಕೂ ಅಲ್ಲಿರುವುದು ಎರಡು, ಒಂದಕ್ಕೊಂದು ತದ್ವಿರುದ್ಧ. ಜಾಸ್ತಿ ಜನರಿಗೆ ಇರುವುದು ಗ್ರಂಥಿ ನಿಧಾನವಾಗುವ ಹೈಪೋಥೈರಾಯ್ಡ್, ಅಂದರೆ ತೂಕ ಏರುವ, ಚಳಿ ಹತ್ತುವ, ಮಲಬದ್ಧತೆ ಆಗುವ ಕಾಯಿಲೆ. ಅಕ್ಕನದು ಗ್ರಂಥಿ ಓಡುವ ಕಾಯಿಲೆ. ಮೊದಲನೆಯದಕ್ಕೆ ಹೇಳಿದ ಪಥ್ಯವನ್ನು ಎರಡನೆಯದಕ್ಕೆ ಹಚ್ಚಿದರೆ, ಮೊದಲೇ ಸೊರಗುತ್ತಿರುವವಳನ್ನು ಉಪವಾಸ ಕೆಡವಿದ ಹಾಗೆ. ಹಾಗಾಗಿ ಯಾರಾದರೂ ಥೈರಾಯ್ಡ್ ಪಥ್ಯ ಅಂತ ಏನಾದರೂ ಹೇಳಿದರೆ, ಮೊದಲು ಕೇಳಬೇಕಾದದ್ದು ಯಾವ ಥೈರಾಯ್ಡ್ ಅಂತ.

ಒಳಗೆ ಏನಾಗುತ್ತದೆ ಅನ್ನುವುದನ್ನು ಹೊಲದ ಮೋಟಾರಿನ ಲೆಕ್ಕದಲ್ಲಿ ನೋಡಿದರೆ ಬೇಗ ತಿಳಿಯುತ್ತದೆ. ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಥೈರಾಯ್ಡ್ ಗ್ರಂಥಿಯೇ ಮೋಟಾರು. ಅದು ಎತ್ತಿ ಹಾಕುವ ನೀರು ಟಿ3, ಟಿ4 ಎಂಬ ಹಾರ್ಮೋನು. ತೊಟ್ಟಿಯ ಹತ್ತಿರ ಕೂತು ನೀರು ಎಷ್ಟಿದೆ ಅಂತ ನೋಡಿ "ಹಚ್ಚು" ಅಂತ ಕೂಗುವವನು ಮಿದುಳಿನ ತಳದಲ್ಲಿರುವ ಪಿಟ್ಯುಟರಿ. ಅವನ ಕೂಗೇ ಟಿಎಸ್ಎಚ್. ತೊಟ್ಟಿ ತುಂಬಿದರೆ ಅವನು ಸುಮ್ಮನಾಗುತ್ತಾನೆ, ಮೋಟಾರು ನಿಲ್ಲಬೇಕು. ಅಕ್ಕನ ರಿಪೋರ್ಟಿನಲ್ಲಿ ಕೂಗುವವನು ಪೂರ್ತಿ ಸುಮ್ಮನಾಗಿದ್ದ, ಅದಕ್ಕೇ ಟಿಎಸ್ಎಚ್ ಅಷ್ಟು ಕಡಿಮೆ. ಆದರೂ ಮೋಟಾರು ಓಡುತ್ತಲೇ ಇತ್ತು, ಟಿ4 ಏರಿತ್ತು.

ಯಾಕೆ ಓಡುತ್ತದೆ ಅನ್ನುವುದಕ್ಕೆ ಕಾರಣ ಒಂದೇ ಅಲ್ಲ. ಹೆಚ್ಚಾಗಿ ಕಾಣುವುದು ಗ್ರೇವ್ಸ್ ಕಾಯಿಲೆ. 1835ರಲ್ಲಿ ಇದನ್ನು ವಿವರಿಸಿದ ಐರ್ಲೆಂಡಿನ ವೈದ್ಯ ರಾಬರ್ಟ್ ಗ್ರೇವ್ಸ್ ಅವರ ಹೆಸರೇ ಇದಕ್ಕೆ ಬಂದಿದೆ. ಇದರಲ್ಲಿ ನಮ್ಮ ಮೈಯ ರಕ್ಷಣೆಗೆ ಇರುವ ಪ್ರತಿಕಾಯಗಳೇ ದಾರಿ ತಪ್ಪಿ, ಬೇರೆ ಯಾರೋ ಬಂದು ಸ್ಟಾರ್ಟರ್ ಒತ್ತಿ ಹಿಡಿದ ಹಾಗೆ, ಗ್ರಂಥಿಯನ್ನು ಬಿಡದೆ ಓಡಿಸುತ್ತವೆ. ಕೆಲವರಲ್ಲಿ ಗ್ರಂಥಿಯೊಳಗಿನ ಒಂದು ಗಂಟು ತಾನೇ ತಾನಾಗಿ ಹಾರ್ಮೋನು ಸುರಿಸುತ್ತಿರುತ್ತದೆ. ಇನ್ನು ಕೆಲವರಲ್ಲಿ ಮೋಟಾರು ಜಾಸ್ತಿ ಓಡುತ್ತಿರುವುದಿಲ್ಲ, ಉರಿಯೂತದಿಂದ ಗ್ರಂಥಿಯಲ್ಲಿ ಮೊದಲೇ ಕೂಡಿಟ್ಟ ಹಾರ್ಮೋನು ರಕ್ತಕ್ಕೆ ಸೋರಿರುತ್ತದೆ. ಅದು ಕೆಲವು ವಾರ ಅಥವಾ ತಿಂಗಳಲ್ಲಿ ತಾನೇ ನಿಲ್ಲುತ್ತದೆ, ಅದಕ್ಕೆ ಮೋಟಾರು ನಿಲ್ಲಿಸುವ ಗುಳಿಗೆ ಕೊಟ್ಟರೆ ಉಪಯೋಗ ಇಲ್ಲ. ಬಸುರಿನ ಮೊದಲ ತಿಂಗಳುಗಳಲ್ಲಂತೂ ಏನೂ ಕಾಯಿಲೆ ಇಲ್ಲದೆಯೂ ಟಿಎಸ್ಎಚ್ ಇಳಿಯಬಹುದು. ಅದಕ್ಕೇ ಬರೀ ಟಿಎಸ್ಎಚ್ ನೋಡಿ ಔಷಧಿ ಶುರು ಮಾಡುವುದಿಲ್ಲ, ಟಿ3, ಟಿ4 ನೋಡುತ್ತಾರೆ, ಪ್ರತಿಕಾಯದ ಪರೀಕ್ಷೆ ಅಥವಾ ಸ್ಕ್ಯಾನ್ ಮಾಡಿಸುತ್ತಾರೆ. ಅಕ್ಕನದು ಗ್ರೇವ್ಸ್ ಅಂತ ಗೊತ್ತಾದದ್ದು ನಾವು ಅವಳನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ತೋರಿಸಿದ ಮೇಲೆ.

ಈಗ ಊಟದ ಮಾತಿಗೆ ಬರುವ ಮೊದಲು ಒಂದನ್ನು ನೇರವಾಗಿ ಹೇಳಬೇಕು. ಊಟದಿಂದ ಈ ಮೋಟಾರು ನಿಲ್ಲುವುದಿಲ್ಲ. ನಿಲ್ಲಿಸುವುದು ಕಾರ್ಬಿಮಝೋಲ್ ಅಥವಾ ಮೆಥಿಮಝೋಲ್‌ನಂಥ ಗುಳಿಗೆ, ಇಲ್ಲವೇ ರೇಡಿಯೋ ಅಯೋಡಿನ್ (ಗ್ರಂಥಿಯನ್ನು ಒಳಗಿಂದಲೇ ತಗ್ಗಿಸುವ ವಿಕಿರಣದ ಅಯೋಡಿನ್), ಇಲ್ಲವೇ ಆಪರೇಷನ್. ಗುಳಿಗೆ ಶುರು ಮಾಡಿದ ಮರುದಿನವೇ ಏನೂ ಬದಲಾಗುವುದಿಲ್ಲ. ಯಾಕೆಂದರೆ ಗುಳಿಗೆ ಹೊಸ ಹಾರ್ಮೋನು ತಯಾರಾಗುವುದನ್ನು ತಡೆಯುತ್ತದೆ ಅಷ್ಟೇ, ಗ್ರಂಥಿಯಲ್ಲಿ ಮೊದಲೇ ಕೂಡಿಟ್ಟದ್ದು ಖರ್ಚಾಗಬೇಕಲ್ವಾ, ಅದಕ್ಕೆ ನಾಲ್ಕರಿಂದ ಎಂಟು ವಾರ ಹಿಡಿಯುತ್ತದೆ. ಆ ವಾರಗಳಲ್ಲಿ ಮೈ ಉರಿಯುತ್ತಲೇ ಇರುತ್ತದೆ, ಸ್ನಾಯು ಕರಗುತ್ತಿರುತ್ತದೆ, ಎಲುಬಿನಿಂದ ಕ್ಯಾಲ್ಸಿಯಂ ಸೋರುತ್ತಿರುತ್ತದೆ. ಊಟ ನಿಜವಾಗಿ ಕೆಲಸಕ್ಕೆ ಬರುವುದು ಅಲ್ಲಿ. ಗುಳಿಗೆ ತನ್ನ ಕೆಲಸ ಮುಗಿಸುವವರೆಗೆ ಮನುಷ್ಯನನ್ನು ಎತ್ತಿ ಹಿಡಿಯುವುದು ಊಟ.

ಇದೇ ಗುಳಿಗೆಯ ಬಗ್ಗೆ ಇನ್ನೊಂದು ಮಾತು, ಊಟಕ್ಕೆ ಸಂಬಂಧ ಇಲ್ಲದಿದ್ದರೂ ಬಿಡಲಾರೆ. ಕಾರ್ಬಿಮಝೋಲ್ ತಗೊಳ್ಳುವಾಗ ಜ್ವರ, ಗಂಟಲು ನೋವು, ಬಾಯಲ್ಲಿ ಹುಣ್ಣು ಬಂದರೆ ಸುಮ್ನೆ ಕಷಾಯ ಕುಡಿದು ಮಲಗಬೇಡಿ. ಅಪರೂಪಕ್ಕೆ ಈ ಗುಳಿಗೆ ರಕ್ತದ ಬಿಳಿ ಕಣಗಳನ್ನು ತೀರಾ ಇಳಿಸಿಬಿಡುತ್ತದೆ. ಗುಳಿಗೆ ನಿಲ್ಲಿಸಿ ಅಂದೇ ರಕ್ತ ಪರೀಕ್ಷೆ ಮಾಡಿಸಬೇಕು.

ಇನ್ನು ಉಪ್ಪು. ನಮ್ಮ ಮನೆಯಲ್ಲಿ ಅತಿ ದೊಡ್ಡ ಜಗಳ ನಡೆದದ್ದು ಇದರ ಮೇಲೆ. ಥೈರಾಯ್ಡ್ ಹಾರ್ಮೋನು ತಯಾರಾಗುವುದು ಅಯೋಡಿನ್‌ನಿಂದ, ಉಪ್ಪಿನಲ್ಲಿ ಅಯೋಡಿನ್ ಇದೆ, ಹಾಗಾದರೆ ಉಪ್ಪು ಬದಲಿಸಿದರೆ ಕಾಯಿಲೆ ಹೋಗಬೇಕು ಅಂತ ಭಾವನ ಲೆಕ್ಕ. ಲೆಕ್ಕ ಕೇಳಲು ಸರಿಯಾಗಿಯೇ ಇದೆ. ಅವರು ಪ್ಯಾಕೆಟ್ ಉಪ್ಪು ತೆಗೆದು ಸೈಂಧವ ಲವಣ ತಂದಿಟ್ಟರು, ಇಡೀ ಮನೆಗೆ.

ಅಂಕಿ ಹಾಕಿ ನೋಡೋಣ. ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ನಮ್ಮ ದೇಶದ ನಿಯಮದ ಪ್ರಕಾರ ಮನೆಗೆ ಬರುವ ಅಯೋಡಿನ್ ಉಪ್ಪಿನಲ್ಲಿ ಪ್ರತಿ ಗ್ರಾಂಗೆ ಕನಿಷ್ಠ 15 ಮೈಕ್ರೋಗ್ರಾಂ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ, ಅಂದರೆ ದಿನಕ್ಕೆ 5 ಗ್ರಾಂ ಉಪ್ಪು ತಿಂದರೆ, ಸಿಗುವುದು 75 ಮೈಕ್ರೋಗ್ರಾಂ. ಉಪ್ಪಿನಲ್ಲಿ ಅದರ ಎರಡು ಪಟ್ಟು ಇದ್ದರೂ 150. ಅಂದರೆ ಉಪ್ಪು ಕೊಡುವುದು ಸಾಮಾನ್ಯ ಅಗತ್ಯದಷ್ಟನ್ನೇ, ಗ್ರಂಥಿಯನ್ನು ಕೆರಳಿಸುವಷ್ಟನ್ನಲ್ಲ. ಗ್ರೇವ್ಸ್‌ನಲ್ಲಿ ಸ್ಟಾರ್ಟರ್ ಒತ್ತಿ ಹಿಡಿದಿರುವುದು ಪ್ರತಿಕಾಯ, ಉಪ್ಪಲ್ಲ. "ಉಪ್ಪು ಬಿಟ್ಟರೆ ಗ್ರಂಥಿ ಸುಮ್ಮನಾಗೋದಿಲ್ರೀ" ಅಂತ ಡಾಕ್ಟರು ಭಾವನಿಗೆ ಹೇಳಿದ್ದು ಇದನ್ನೇ.

ನನಗೆ ಅದಕ್ಕಿಂತ ಹೆದರಿಕೆಯಾದದ್ದು ಬೇರೆ. ಆ ಮನೆಯಲ್ಲಿ ಬಸುರಿ ಸೊಸೆ ಇದ್ದಳು. ಬಸುರಿಗೆ ಅಯೋಡಿನ್ ಬೇರೆಯವರಿಗಿಂತ ಜಾಸ್ತಿ ಬೇಕು, ದಿನಕ್ಕೆ 250 ಮೈಕ್ರೋಗ್ರಾಂ, ಯಾಕೆಂದರೆ ಹೊಟ್ಟೆಯಲ್ಲಿರುವ ಕೂಸಿನ ಮಿದುಳು ಬೆಳೆಯುವುದಕ್ಕೆ ತಾಯಿಯ ಥೈರಾಯ್ಡ್ ಹಾರ್ಮೋನು ಬೇಕೇ ಬೇಕು. ಭಾರತ ಸರ್ಕಾರ 1962ರಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿದ್ದು, 1992ರಲ್ಲಿ ಅದನ್ನು ಅಯೋಡಿನ್ ಕೊರತೆಯ ಎಲ್ಲ ತೊಂದರೆಗಳಿಗೆ ವಿಸ್ತರಿಸಿ ಹೆಸರು ಬದಲಿಸಿದ್ದು, 2006ರಲ್ಲಿ ಊಟಕ್ಕೆ ಅಯೋಡಿನ್ ಇಲ್ಲದ ಉಪ್ಪು ಮಾರುವುದನ್ನು ನಿಷೇಧಿಸಿದ್ದು ಇದೇ ಕಾರಣಕ್ಕೆ. ಕುತ್ತಿಗೆಯ ಗಂಟು ಕಣ್ಣಿಗೆ ಕಾಣುತ್ತದೆ, ಮಗುವಿನ ಬುದ್ಧಿಗೆ ಆಗುವ ನಷ್ಟ ಕಾಣುವುದಿಲ್ಲ. ಒಬ್ಬರ ಕಾಯಿಲೆಗೆ ಅಂತ ಇಡೀ ಮನೆಯ ಉಪ್ಪು ಬದಲಿಸುವುದು ನನ್ನ ಪ್ರಕಾರ ಮಾಡಲೇಬಾರದ ಕೆಲಸ. ಪ್ಯಾಕೆಟ್ ಉಪ್ಪು ವಾಪಸ್ ಬಂತು.

ಹಾಗಾದರೆ ಅಯೋಡಿನ್ ಬಗ್ಗೆ ಹೆದರಲೇಬಾರದೇ? ಹೆದರಬೇಕು, ಆದರೆ ಬೇರೆ ಕಡೆ. ಪಟ್ಟಿಯಲ್ಲಿದ್ದ ಸಮುದ್ರದ ಪಾಚಿ ಇದೆಯಲ್ಲ, ಅದರ ಕೆಲವು ಜಾತಿಗಳಲ್ಲಿ ಒಂದೇ ಗ್ರಾಂಗೆ ಸಾವಿರ ಮೈಕ್ರೋಗ್ರಾಂ ದಾಟುತ್ತದೆ. ನಾವು ಯಾರೂ ಪಾಚಿಯ ಪಲ್ಯ ಮಾಡುವುದಿಲ್ಲ, ಆದರೆ ಕೆಲ್ಪ್ ಅಂತ ಗುಳಿಗೆಯಾಗಿ, ಥೈರಾಯ್ಡ್ ಪುಡಿ ಅಂತ ಡಬ್ಬಿಯಲ್ಲಿ ಅದು ನಮ್ಮ ಪೇಟೆಗೂ ಬಂದಿದೆ. ಡಬ್ಬಿಯ ಹಿಂದೆ ಬರೆದದ್ದನ್ನು ಓದಿ. ಸಿಟಿ ಸ್ಕ್ಯಾನ್ ಮಾಡುವಾಗ ನರಕ್ಕೆ ಕೊಡುವ ಬಣ್ಣದ ಔಷಧಿಯಲ್ಲಿ ದಿನದ ಅಗತ್ಯದ ಸಾವಿರಾರು ಪಟ್ಟು ಅಯೋಡಿನ್ ಇರುತ್ತದೆ, ಹೃದಯದ ಬಡಿತಕ್ಕೆ ಕೊಡುವ ಅಮಿಯೋಡರೋನ್ ಗುಳಿಗೆಯಲ್ಲೂ ಬಹಳ ಇದೆ. ಇವನ್ನು ನೀವಾಗಿಯೇ ನಿಲ್ಲಿಸಬಾರದು, ಆದರೆ ಸ್ಕ್ಯಾನ್ ಮಾಡುವವರಿಗೆ, ಹೃದಯದ ಡಾಕ್ಟರಿಗೆ ನಿಮಗೆ ಹೈಪರ್‌ಥೈರಾಯ್ಡ್ ಇದೆ ಅಂತ ಹೇಳಲೇಬೇಕು. ಇನ್ನು ರೇಡಿಯೋ ಅಯೋಡಿನ್ ಚಿಕಿತ್ಸೆಗೆ ಮೊದಲು ಕೆಲವು ದಿನ ಅಯೋಡಿನ್ ಕಡಿಮೆ ಮಾಡಿ ಅಂತ ಡಾಕ್ಟರೇ ಹೇಳಬಹುದು. ಆಗ ಮಾತ್ರ, ಅವರು ಹೇಳಿದಷ್ಟು ದಿನ ಮಾತ್ರ, ರೋಗಿಗೆ ಮಾತ್ರ ಬೇರೆ ಉಪ್ಪು.

ಸರಿ, ಏನು ಉಣ್ಣಬೇಕು?

ಮೊದಲನೆಯದಾಗಿ, ಹೊಟ್ಟೆ ತುಂಬ. ಅಕ್ಕನಿಗೆ ನಾಲ್ಕು ರೊಟ್ಟಿ ಉಣ್ಣಲು ನಾಚಿಕೆಯಾಗುತ್ತಿತ್ತು, ಮನೆಯವರ ಮುಂದೆ ಎರಡು ಉಂಡು ಆಮೇಲೆ ಅಡುಗೆ ಮನೆಯಲ್ಲಿ ನಿಂತು ಇನ್ನೆರಡು ತಿನ್ನುತ್ತಿದ್ದಳು ಅಂತ ಆಮೇಲೆ ಗೊತ್ತಾಯಿತು. ಇದು ನನ್ನನ್ನು ಬಹಳ ಕಾಡಿದೆ. ಅದು ಆಸೆಬುರುಕತನ ಅಲ್ಲ, ಮೈ ಕೇಳುತ್ತಿದೆ. ಒಲೆ ಜೋರಾಗಿ ಉರಿಯುವಾಗ ಕಟ್ಟಿಗೆ ಬೇಗ ಮುಗಿಯುತ್ತದೆ, ಕಟ್ಟಿಗೆ ಹಾಕದಿದ್ದರೆ ಅದು ಮನೆಯ ತೊಲೆಯನ್ನೇ ಸುಡುತ್ತದೆ. ಇಲ್ಲಿ ತೊಲೆ ಅಂದರೆ ಸ್ನಾಯು. ಹೈಪರ್‌ಥೈರಾಯ್ಡ್ ಇದ್ದವರಿಗೆ ಮೆಟ್ಟಿಲು ಹತ್ತುವಾಗ ತೊಡೆ ಸೋಲುವುದು, ನೆಲದಿಂದ ಏಳಲು ಕೈ ಊರಬೇಕಾಗುವುದು, ತಲೆ ಬಾಚಿಕೊಳ್ಳಲು ತೋಳು ಎತ್ತಲಾಗದಿರುವುದು ಈ ಕಾರಣಕ್ಕೆ.

ಅದಕ್ಕೇ ಬರೀ ರೊಟ್ಟಿಯ ಸಂಖ್ಯೆ ಏರಿಸಿದರೆ ಸಾಲದು, ಪ್ರೋಟೀನು ಏರಬೇಕು. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಪ್ರಕಾರ ಆರೋಗ್ಯವಂತರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನು ಬೇಕು, ಅಂದರೆ 50 ಕಿಲೋ ಇರುವವರಿಗೆ ಸುಮಾರು 42 ಗ್ರಾಂ. ಸ್ನಾಯು ಕರಗುತ್ತಿರುವವರಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಬೇಕಾಗುತ್ತದೆ. ಜೋಳದ ಹಿಟ್ಟಿನಲ್ಲಿ ನೂರು ಗ್ರಾಂಗೆ ಹತ್ತು ಗ್ರಾಂ ಆಸುಪಾಸು ಪ್ರೋಟೀನು ಇದೆ, ಕಡಿಮೆಯೇನಲ್ಲ, ಆದರೆ ಅದರಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಆ ಲೈಸಿನ್ ಕಾಳು ಬೇಳೆಯಲ್ಲಿ ಧಾರಾಳವಾಗಿದೆ. ನಮ್ಮ ಅಜ್ಜಿಯರು ರೊಟ್ಟಿಗೆ ಝುಣಕ, ಮಡಕಿಕಾಳಿನ ಪಲ್ಯ, ಹೆಸರುಕಾಳು, ಶೇಂಗಾ ಹಿಂಡಿ ಜೋಡಿ ಮಾಡಿದ್ದರಲ್ಲಿ ಈ ಕೊರತೆ ತಾನೇ ತುಂಬಿ ಹೋಗುತ್ತದೆ. ಒಂದು ಹಿಡಿ ಶೇಂಗಾ, ಅಂದರೆ 30 ಗ್ರಾಂನಲ್ಲಿ, ಸುಮಾರು 7 ಗ್ರಾಂ ಪ್ರೋಟೀನು. ಒಂದು ತತ್ತಿಯಲ್ಲಿ ಸುಮಾರು 6. ಅಕ್ಕ ತತ್ತಿ ತಿನ್ನುವುದಿಲ್ಲ, ಅದಕ್ಕೆ ಅವಳಿಗೆ ಬೆಳಗ್ಗೆ ಮೊಳಕೆಕಾಳಿನ ಉಸುಳಿ, ಮಧ್ಯಾಹ್ನ ರೊಟ್ಟಿ ಜೊತೆ ದಪ್ಪ ಬೇಳೆ ಮತ್ತು ಗಟ್ಟಿ ಮೊಸರು, ನಾಲ್ಕು ಗಂಟೆಗೆ ಚಹಾದ ಬದಲು ಶೇಂಗಾ ಉಂಡೆ, ರಾತ್ರಿ ಮಲಗುವಾಗ ಹಾಲು, ಹೀಗೆ ಮೂರು ಊಟವನ್ನು ಐದಾಗಿ ಒಡೆದೆವು. ಒಮ್ಮೆಗೆ ಬಹಳ ಉಂಡರೆ ಅವಳಿಗೆ ತಕ್ಷಣ ಹೊರಗೆ ಹೋಗಬೇಕಾಗುತ್ತಿತ್ತು, ಈ ಕಾಯಿಲೆಯಲ್ಲಿ ಕರುಳೂ ಓಡುತ್ತದೆ. ಆ ದಿನಗಳಲ್ಲಿ ಮಿರ್ಚಿ ಭಜಿ, ಸಾವಜಿ ಖಾರ ಎರಡನ್ನೂ ದೂರ ಇಟ್ಟೆವು. ಪಲ್ಯಕ್ಕೆ ಬ್ಯಾಡಗಿ ಮೆಣಸಿನಕಾಯಿ ಪುಡಿ ಮಾತ್ರ, ಅದರಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಬೆವರು, ಭೇದಿ ಎರಡರಲ್ಲೂ ನೀರು ಹೋಗುತ್ತಿರುವುದರಿಂದ ಮಜ್ಜಿಗೆ ತಂಬಿಗೆ ಅವಳ ಪಕ್ಕದಲ್ಲೇ ಇರುತ್ತಿತ್ತು.

ಎಲುಬಿನ ಮಾತು ಯಾರೂ ಹೇಳುವುದಿಲ್ಲ, ಅದು ನೋಯುವುದಿಲ್ಲವಲ್ಲ. ಹಾರ್ಮೋನು ಜಾಸ್ತಿಯಾದಾಗ ಎಲುಬು ಕಟ್ಟುವುದಕ್ಕಿಂತ ಸವೆಯುವುದು ವೇಗವಾಗುತ್ತದೆ. ಮುಟ್ಟು ನಿಂತ ಹೆಂಗಸರಿಗೆ ಇದು ಇನ್ನೂ ಹೊಡೆತ. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಮುಟ್ಟು ನಿಂತವರಿಗೆ 1200. 200 ಮಿಲಿಲೀಟರಿನ ಎರಡು ಲೋಟ ಹಾಲು ಅಥವಾ ಮೊಸರು ಸಾವಿರದಲ್ಲಿ ಹತ್ತಿರ ಹತ್ತಿರ ಅರ್ಧ ಕೊಡುತ್ತದೆ. ಎಳ್ಳು ಚಿಕ್ಕದಾದರೂ ದೊಡ್ಡ ಸಾಲ ತೀರಿಸುವ ಕಾಳು, ಹತ್ತು ಗ್ರಾಂನಲ್ಲೇ ನೂರು ಮಿಲಿಗ್ರಾಂ ದಾಟುತ್ತದೆ. ಸಂಕ್ರಾಂತಿಯ ಭೋಗಿಗೆ ಎಳ್ಳು ಹಚ್ಚಿದ ರೊಟ್ಟಿ ಮಾಡುತ್ತೇವಲ್ಲ, ಅದನ್ನು ಹಬ್ಬಕ್ಕೇ ಯಾಕೆ ಸೀಮಿತ ಮಾಡಬೇಕು? ರಾಗಿಯೂ ಒಳ್ಳೆಯದು, ನಮ್ಮ ಕಡೆ ಅಂಬಲಿ ಮಾಡಿ ಕುಡಿಯಬಹುದು. ವಿಟಮಿನ್ ಡಿ ಒಮ್ಮೆ ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ಕ್ಯಾಲ್ಸಿಯಂ ತಿಂದದ್ದು ಪೂರ್ತಿ ಮೈಗೆ ಸೇರುವುದಿಲ್ಲ.

ಚಹಾ ಬಿಡಿಸುವುದು ಉಪ್ಪಿನ ಜಗಳಕ್ಕಿಂತ ಕಷ್ಟವಾಯಿತು. ಹುಬ್ಬಳ್ಳಿ, ಧಾರವಾಡ, ಗದಗದವರಿಗೆ ಚಹಾ ಬಿಡಿ ಅನ್ನುವುದು ಉಸಿರು ಬಿಡಿ ಅಂದ ಹಾಗೆ. ಚಹಾದಿಂದ ಈ ಕಾಯಿಲೆ ಬರುವುದಿಲ್ಲ. ಆದರೆ ಎದೆ ಢವಢವ ಅನ್ನುವುದು, ಕೈ ನಡುಗುವುದು, ನಿದ್ದೆ ಬಾರದಿರುವುದು ಮೊದಲೇ ಇರುವಾಗ ಕೆಫೀನು ಅದನ್ನೇ ಇನ್ನಷ್ಟು ಏರಿಸುತ್ತದೆ. ಸುಮ್ಮನೆ ಕೂತಾಗ ನಾಡಿ ನಿಮಿಷಕ್ಕೆ 60ರಿಂದ 100 ಇರಬೇಕು, ಅಕ್ಕನದು 118 ಇತ್ತು. ಡಾಕ್ಟರು ಎದೆಬಡಿತ ಇಳಿಸಲು ಪ್ರೊಪ್ರಾನೊಲಾಲ್ ಕೊಟ್ಟಿದ್ದರು. ಒಂದು ಕೈಯಿಂದ ಅದನ್ನು ನುಂಗಿ ಇನ್ನೊಂದು ಕೈಯಿಂದ ದಿನಕ್ಕೆ ಐದು ಕಪ್ ಚಹಾ ಕುಡಿದರೆ ಏನು ಉಪಯೋಗ? ಬೆಳಗ್ಗೆ ಒಂದು ಕಪ್ ಉಳಿಸಿಕೊಂಡಳು.

ಸಿಹಿಯ ವಿಷಯದಲ್ಲಿ ಗಂಡಸರಿಗೆ ಒಂದು ಎಚ್ಚರಿಕೆ ಇದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಹೈಪರ್‌ಥೈರಾಯ್ಡ್ ಇರುವ ಕೆಲವರಲ್ಲಿ, ಹೆಚ್ಚಾಗಿ ನಮ್ಮ ಏಷ್ಯಾದ ಹರೆಯದ ಗಂಡಸರಲ್ಲಿ, ರಾತ್ರಿ ಹೋಳಿಗೆ ಊಟ ಅಥವಾ ಪೇಢೆ, ಜಿಲೇಬಿ ಹೊಟ್ಟೆ ಬಿರಿಯ ತಿಂದು ಮಲಗಿದವರು ಬೆಳಗಿನ ಜಾವ ಎದ್ದರೆ ಕಾಲು ಎತ್ತಲಾಗುವುದಿಲ್ಲ. ಬಹಳ ದುಡಿದು ಮಲಗಿದರೂ ಹೀಗಾಗಬಹುದು. ಸಿಹಿ, ಹಿಟ್ಟಿನ ಪದಾರ್ಥ ಜಾಸ್ತಿಯಾದಾಗ ಇನ್ಸುಲಿನ್ ಏರಿ ರಕ್ತದ ಪೊಟ್ಯಾಶಿಯಂ ಅನ್ನು ಜೀವಕೋಶದೊಳಗೆ ತಳ್ಳುತ್ತದೆ, ಥೈರಾಯ್ಡ್ ಹಾರ್ಮೋನು ಆ ತಳ್ಳಾಟಕ್ಕೆ ಇನ್ನಷ್ಟು ಬಲ ಕೊಡುತ್ತದೆ, ರಕ್ತದಲ್ಲಿ ಪೊಟ್ಯಾಶಿಯಂ ಇಳಿದು ಸ್ನಾಯು ಸುಮ್ಮನಾಗಿಬಿಡುತ್ತದೆ. ಲಕ್ವಾ ಹೊಡೆಯಿತು ಅಂತ ಮನೆಯವರು ಗಾಬರಿಯಾಗುತ್ತಾರೆ. ಎಳನೀರು ಕುಡಿಸುತ್ತಾ ಮನೆಯಲ್ಲಿ ಕೂರಬಾರದು, ಹೃದಯದ ಬಡಿತವೂ ತಪ್ಪಬಹುದು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಎಷ್ಟೋ ಜನರಿಗೆ ಥೈರಾಯ್ಡ್ ಇದೆ ಅಂತ ಗೊತ್ತಾಗುವುದೇ ಹೀಗೆ. ಥೈರಾಯ್ಡ್ ಹತೋಟಿಗೆ ಬಂದರೆ ಈ ಕಾಟ ನಿಲ್ಲುತ್ತದೆ, ಅಲ್ಲಿಯವರೆಗೆ ಒಂದು ಪೇಢೆ ಸಾಕು, ಡಬ್ಬಿ ಬೇಡ. ಸಕ್ಕರೆ ಕಾಯಿಲೆ ಇದ್ದವರಿಗೂ ಇದೇ ಮಾತು, ಹೈಪರ್‌ಥೈರಾಯ್ಡ್ ಇರುವಾಗ ಸಕ್ಕರೆ ಹತೋಟಿ ತಪ್ಪುತ್ತದೆ.

ಎಲೆಕೋಸಿನ ಕಥೆ ತಿರುಗಿಸಿ ಹೇಳುವವರೂ ಇದ್ದಾರೆ. ಎಲೆಕೋಸು ಥೈರಾಯ್ಡ್ ಅನ್ನು ತಗ್ಗಿಸುತ್ತದೆ ಅಂದ ಮೇಲೆ ಹೈಪರ್ ಇದ್ದವರು ದಿನಾ ಹಸಿಯಾಗಿ ತಿನ್ನಲಿ ಅಂತ. ಎಲೆಕೋಸು, ಹೂಕೋಸು, ಮೂಲಂಗಿ, ನಮ್ಮ ಸಜ್ಜೆಯಲ್ಲೂ ಗ್ರಂಥಿಯ ಕೆಲಸಕ್ಕೆ ಸ್ವಲ್ಪ ಅಡ್ಡ ಬರುವ ಅಂಶಗಳಿವೆ ಅನ್ನುವುದು ನಿಜ. ಆದರೆ ಅದು ತೊಂದರೆ ಕೊಟ್ಟಿರುವುದು ಅಯೋಡಿನ್ ಕೊರತೆ ಇರುವ ಕಡೆ, ಅದನ್ನೇ ಹೊತ್ತು ಹೊತ್ತಿಗೂ ತಿನ್ನುವವರಿಗೆ. ಗ್ರೇವ್ಸ್ ನಿಲ್ಲಿಸುವಷ್ಟು ಶಕ್ತಿ ಅದಕ್ಕಿಲ್ಲ. ಪಲ್ಯ ಮಾಡಿ ತಿನ್ನಿ, ಸಜ್ಜೆ ರೊಟ್ಟಿ ತಿನ್ನಿ, ರುಚಿಗೆ.

ಕೂದಲು ಉದುರುತ್ತದೆ ಅಂತ ಅಕ್ಕ ಯಾರಿಗೂ ಹೇಳದೆ ಬಯೋಟಿನ್ ಗುಳಿಗೆ ತಗೊಳ್ಳುತ್ತಿದ್ದಳು. ಹೈಪರ್‌ಥೈರಾಯ್ಡ್‌ನಲ್ಲಿ ಕೂದಲು ಉದುರುವುದು ಹೌದು. ಆದರೆ ದೊಡ್ಡ ಪ್ರಮಾಣದ ಬಯೋಟಿನ್ ಕೆಲವು ಲ್ಯಾಬ್ ಯಂತ್ರಗಳ ಪರೀಕ್ಷೆಯನ್ನೇ ಕೆಡಿಸಿ, ಟಿಎಸ್ಎಚ್ ಕಡಿಮೆ ಮತ್ತು ಟಿ4 ಜಾಸ್ತಿ ಅಂತ ಸುಳ್ಳು ತೋರಿಸುತ್ತದೆ. ಕಾಯಿಲೆ ಇಲ್ಲದವರಿಗೂ ಇದೆ ಅಂತ ಬರಬಹುದು. ರಕ್ತ ಕೊಡುವ ಮೊದಲು ಕನಿಷ್ಠ ಎರಡು ದಿನ ನಿಲ್ಲಿಸಿ, ಏನೇನು ತಗೊಳ್ಳುತ್ತೀರಿ ಅಂತ ಡಾಕ್ಟರಿಗೆ ಹೇಳಿ. ಹಾಗೆಯೇ ಸೆಲೆನಿಯಂ. ಗ್ರೇವ್ಸ್‌ನಿಂದ ಕಣ್ಣಿಗೆ ಸ್ವಲ್ಪ ಮಟ್ಟಿನ ತೊಂದರೆಯಾದವರಿಗೆ ಆರು ತಿಂಗಳು ಕೊಡುವುದುಂಟು, ಆದರೆ ಎಲ್ಲರಿಗೂ ಅಲ್ಲ, ಕೇಳದೆ ತಗೊಳ್ಳುವುದಂತೂ ಬೇಡ. ಕಣ್ಣು ಉಳಿಯಬೇಕಾದರೆ ಅದಕ್ಕಿಂತ ದೊಡ್ಡ ಕೆಲಸ ಬೀಡಿ ಸಿಗರೇಟು ಬಿಡುವುದು.

ಏಳನೇ ವಾರದ ಹೊತ್ತಿಗೆ ಅಕ್ಕನ ನಾಡಿ 84ಕ್ಕೆ ಇಳಿಯಿತು. ಟಿ4 ಸರಿಯಾಗಿತ್ತು, ಟಿಎಸ್ಎಚ್ ಮಾತ್ರ ಇನ್ನೂ ತಳದಲ್ಲೇ ಇತ್ತು, ಗುಳಿಗೆ ಹತ್ತಿಲ್ಲ ಅಂತ ಅವಳು ಅತ್ತಳು. ಹಾಗಲ್ಲ, ಕೂಗುವವನು, ಅಂದರೆ ಪಿಟ್ಯುಟರಿ, ಬಹಳ ದಿನ ಸುಮ್ಮನಿದ್ದವನು, ದನಿ ಬರಲು ಅವನಿಗೆ ತಿಂಗಳುಗಳೇ ಬೇಕು. ಮೊದಮೊದಲು ನೋಡಬೇಕಾದದ್ದು ಟಿ3, ಟಿ4.

ನಾವು ಎಡವಿದ್ದು ಇದರ ನಂತರ. ಮೋಟಾರು ನಿಧಾನವಾದ ಮೇಲೂ ನಾಲ್ಕು ರೊಟ್ಟಿಯ ಹಸಿವು ಹಾಗೇ ಉಳಿಯುತ್ತದೆ, ಶೇಂಗಾ ಉಂಡೆ, ರಾತ್ರಿಯ ಹಾಲು ಎಲ್ಲ ರೂಢಿಯಾಗಿರುತ್ತದೆ. ಕಳೆದುಕೊಂಡ ಆರು ಕಿಲೋ ವಾಪಸ್ ಬಂದಾಗ ಖುಷಿಪಟ್ಟೆವು, ಅದರ ಮೇಲೆ ಇನ್ನೂ ನಾಲ್ಕು ಬಂದಾಗ ಅವಳು ಗುಳಿಗೆಯಿಂದಲೇ ದಪ್ಪ ಆದೆ ಅಂತ ನಿಲ್ಲಿಸಲು ಹೊರಟಿದ್ದಳು. ನಿಲ್ಲಿಸಬಾರದು, ಗ್ರೇವ್ಸ್‌ಗೆ ಸಾಮಾನ್ಯವಾಗಿ ಹನ್ನೆರಡರಿಂದ ಹದಿನೆಂಟು ತಿಂಗಳು ಗುಳಿಗೆ ಬೇಕು, ನಡುವೆ ಬಿಟ್ಟರೆ ಮತ್ತೆ ಓಡುತ್ತದೆ. ಇಳಿಸಬೇಕಾದದ್ದು ರೊಟ್ಟಿ. ನಾಡಿ ಮತ್ತು ಟಿ4 ಹತೋಟಿಗೆ ಬಂದು, ತೂಕ ಮೊದಲಿನ ಮಟ್ಟ ಮುಟ್ಟಿದ ವಾರದಿಂದಲೇ ಊಟವನ್ನು ಹಳೆಯ ಅಳತೆಗೆ ತನ್ನಿ, ಪ್ರೋಟೀನು ಮತ್ತು ಹಾಲು ಮಾತ್ರ ಹಾಗೇ ಇರಲಿ. ಗುಳಿಗೆ ಜಾಸ್ತಿಯಾಗಿ ಗ್ರಂಥಿ ತೀರಾ ನಿಧಾನವಾದರೂ ತೂಕ ಏರಬಹುದು, ಅದನ್ನು ಹೇಳುವುದು ನಾಲ್ಕರಿಂದ ಆರು ವಾರಕ್ಕೊಮ್ಮೆ ಮಾಡಿಸುವ ರಕ್ತ ಪರೀಕ್ಷೆ. ಅಕ್ಕನ ಅಡುಗೆ ಮನೆಯ ಗೋಡೆಗೆ ಈಗ ಒಂದು ಹಳೆಯ ಕ್ಯಾಲೆಂಡರ್ ಇದೆ, ಪ್ರತಿ ಸೋಮವಾರದ ಚೌಕದಲ್ಲಿ ತೂಕ, ಎದ್ದ ತಕ್ಷಣದ ನಾಡಿ, ಉಂಡ ರೊಟ್ಟಿ, ಮೂರು ಅಂಕಿ ಬರೆಯುತ್ತಾಳೆ, ಹುಬ್ಬಳ್ಳಿಗೆ ಹೋಗುವಾಗ ಅದನ್ನೇ ಸುತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಾಳೆ.